ಹೊಡೆದು ಹಾಕಿದ ಹೆಸರುಗಳು

"ಎತ್ತಿ, ಇನ್ನೊಂದು ಸಲ ಎತ್ತಿ," ಎಂದ ಗೆರೆವಾಜಿಯೊ. ನಾಲ್ವರು ಗಂಡಸರು ಅನತೋಲಿಯ ದೇಹವನ್ನು ಚಾಪೆಯಿಂದ ಒಂದು ಗೇಣು ಎತ್ತಿ ಹಿಡಿದರು. ಗೆರೆವಾಜಿಯೊ ಕೆಂಗಂದು ಬಣ್ಣದ ಮರತೊಗಟೆಯ ಬಟ್ಟೆಯನ್ನು ತಮ್ಮನ ಬೆನ್ನಿನಡಿ ತೂರಿಸಿ, ಆ ಕಡೆಯಿಂದ ಎಳೆದು, ಎದೆಯ ಮೇಲೆ ಮಡಿಸಿದ. ಇದು ಏಳನೆಯ ಹೊದಿಕೆ. ಒಂದೊಂದು ಹೊದಿಸುವಾಗಲೂ ತಂದವರ ಹೆಸರು ಹೇಳಬೇಕು. ಹೇಳದಿದ್ದರೆ ಸತ್ತವನಿಗೆ ಯಾರು ಹೊದಿಸಿದರೆಂದು ತಿಳಿಯುವುದಿಲ್ಲವೆಂದು ಊರಿನ ನಂಬಿಕೆ. ಗೆರೆವಾಜಿಯೊ ನಲವತ್ತು ವರ್ಷದಿಂದ ಕ್ಯಾಸಿಂಬಿ ಗುಡ್ಡದ ಪ್ರಾರ್ಥನಾಲಯದ ಉಪದೇಶಿ. ಆ ನಂಬಿಕೆಯನ್ನು ಅವನು ಒಪ್ಪುತ್ತಿರಲಿಲ್ಲ. ಹೆಸರು ಹೇಳುವುದನ್ನು ಮಾತ್ರ ಎಂದೂ ಬಿಟ್ಟಿರಲಿಲ್ಲ.

"ಇದು ಮಸಾಕದ ಅತ್ತೆಯ ಮನೆಯವರದ್ದು, ಅನತೋಲಿ," ಎಂದ. ಮಂಡಿ ಊರಿ ಊರಿ ಎಪ್ಪತ್ತೆರಡರ ಕಾಲುಗಳು ಮರಗಟ್ಟಿದ್ದವು.

ಕಿಟಕಿಯ ಹೊರಗಿನಿಂದ ಊರಿನ ಚೇರ್ಮನ್ ಸೆಮಂಡ ತಲೆ ಚಾಚಿದ. ಕೈಯಲ್ಲಿ ಒಂದು ಕಾಗದವಿತ್ತು.

"ಉಪದೇಶಿಗಳೇ, ಮಾತಾಡೋರ ಪಟ್ಟಿ ಆಯ್ತು. ಮೊದಲು ಕುಲದ ಹಿರಿಯರು, ಆಮೇಲೆ ನಾನು, ಕೊನೇಲಿ ನೀವು. ಔಷಧದ ವಿಷಯ ನಾನೇ ಎತ್ಕೋತೀನಿ. ಆಚೆ ಗುಡ್ಡದವರೂ ಬರ್ತಿದಾರೆ. ಕೀಲುಜ್ವರಕ್ಕೆ ಔಷಧ ಕಂಡುಹಿಡಿದೋನು ನಮ್ಮೂರ ಮಗ ಅಂತ ಅವರೂ ಕೇಳಿಸ್ಕೊಳ್ಳಲಿ."

"ಸೆಮಂಡ, ಅದು..."

"ಏನು ಸೆಬೊ?" ಎಂದ ಸೆಮಂಡ, ಹಿರಿಯರನ್ನು ಅಯ್ಯಾ ಎನ್ನುವ ಹಾಗೆ.

ಗೆರೆವಾಜಿಯೊ ಹೊದಿಕೆಯ ಅಂಚನ್ನು ಸರಿಮಾಡಿದ. ಅದು ಸರಿಯಾಗಿಯೇ ಇತ್ತು.

"ಆಮೇಲೆ ಮಾತಾಡೋಣ. ಕೈಯಲ್ಲಿ ಕೆಲಸ ಇದೆ."

ಮೂಲೆಯಲ್ಲಿ, ಗಂಡನ ತಲೆಯ ಬಳಿ ಕುಳಿತಿದ್ದ ಯೋಜೆಫಿನಾ ತಲೆಯೆತ್ತಿ ಭಾವನ ಮುಖ ನೋಡಿದಳು. ಮತ್ತೆ ಜಪಮಣಿಗೆ ಕಣ್ಣಿಳಿಸಿದಳು.

ಅಂಗಳದಲ್ಲಿ ಹೆಂಗಸರು ಸಾಲಾಗಿ ಕುಳಿತು ಮತೋಕೆ ಬಾಳೆಕಾಯಿಯ ಸಿಪ್ಪೆ ತೆಗೆಯುತ್ತಿದ್ದರು. ಚಾಕುಗಳ ಜೊತೆಗೆ ಬಾಯಿಗಳೂ ಆಡುತ್ತಿದ್ದವು. ಗೆರೆವಾಜಿಯೊ ಗಾಳಿಗೆಂದು ಹೊರಗೆ ಬಂದಾಗ ಅವರು ದನಿ ತಗ್ಗಿಸಿದರೇ ಹೊರತು ಮಾತು ನಿಲ್ಲಿಸಲಿಲ್ಲ.

"ಮಿಷನ್ ಔಷಧಾಲಯದಲ್ಲಿದ್ದಾಗ ಅವನು ಮಾತ್ರೇನ ಕೈಗೆ ಕೊಟ್ಟೋನೇ ಅಲ್ಲ ಕಣೆ. ಎದುರಿಗೇ ನುಂಗಬೇಕು. ನುಂಗಿದ ಮೇಲೆ, ನಾಲಿಗೆ ಎತ್ತು ನೋಡೋಣ, ಅನ್ನೋನು."

"ನನ್ನ ಗಂಡನಿಗೂ ಎತ್ತಿಸಿದ್ದ. ಮೂವತ್ತು ವರ್ಷ ಆಯ್ತು, ಆ ನಾಲಿಗೆ ಇನ್ನೂ ಇಳಿದಿಲ್ಲ."

ನಗು ಬಂದವರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಆ ಸಾಲಿನಿಂದ ಒಬ್ಬ ಮುದುಕಿ ಎದ್ದು ಬಂದು ಗೆರೆವಾಜಿಯೊನ ಮುಂದೆ ಮಂಡಿಯೂರಿದಳು. ಅವಳಿ ಹೆತ್ತವಳಾದ್ದರಿಂದ ಊರೆಲ್ಲ ಅವಳನ್ನು ನಲೊಂಗೊ ಎಂದೇ ಕರೆಯುತ್ತಿತ್ತು. ಗುಡ್ಡದ ಮೇಲಿನ ಕೊನೆಯ ಮನೆ ಅವಳದು. ಅಲ್ಲಿ ಅವಳೂ ಎಂಟು ವರ್ಷದ ಮೊಮ್ಮಗಳು ನಸ್ಸಾಲಿಯೂ ಇಬ್ಬರೇ.

"ಒಡಹುಟ್ಟಿದೋನ ಕಳಕೊಂಡ್ರಿ, ಉಪದೇಶಿಗಳೇ."

"ದೇವರ ಚಿತ್ತ, ನಲೊಂಗೊ."

"ನಾನು ಮಣ್ಣು ಹಾಕಿ ಬೇಗ ಹೊರಡ್ತೀನಿ. ನಸ್ಸಾಲಿಗೆ ನಿನ್ನೆ ಸಂಜೆಯಿಂದ ಮೈ ಸುಡ್ತಿದೆ. ಕೀಲು ಮಡಚೋಕೆ ಆಗಲ್ಲ ಅಂತ ಅಳ್ತಾಳೆ. ಅದೇ ಜ್ವರ. ಪಕ್ಕದ ಮನೆಯೋಳು ನೋಡ್ಕೋತಿದಾಳೆ." ಅವಳು ಸೊಂಟದ ಅಗಲವಾದ ಪಟ್ಟಿಯಲ್ಲಿ ಕಟ್ಟಿದ್ದ ಗಂಟನ್ನು ಮುಟ್ಟಿದಳು. "ನನಗೇನೂ ದಿಗಿಲಿಲ್ಲ. ನೀವು ಹೇಳಿದ ದಿನವೇ ಹೋಗಿ ನಿಮ್ಮ ತಮ್ಮನ ಮಾತ್ರೆ ಒಂದು ಪಟ್ಟಿ ತಂದಿಟ್ಟಿದ್ದೆ. ತಡ ಮಾಡಿದೋರಿಗೆ ಸಿಗಲೇ ಇಲ್ಲ ಪಾಪ."

ಗೆರೆವಾಜಿಯೊ ಅವಳತ್ತ ಬಾಗಿದ. "ಕೊಟ್ಟೆಯಾ?"

"ಇನ್ನೂ ಇಲ್ಲ."

"ಕೊಡಬೇಡ. ಮಣ್ಣಾಗೋವರೆಗೂ ಕೊಡಬೇಡ."

ಅವಳು ಒಂದು ಕ್ಷಣ ಯೋಚಿಸಿದಳು. "ಸತ್ತೋನು ಮಣ್ಣು ಸೇರೋ ಮುಂಚೆ ತೋಟಕ್ಕೆ ಗುದ್ದಲಿ ಹಾಕಬಾರದು, ಅದು ಗೊತ್ತು. ಮಾತ್ರೆಗೂ ಆ ಕಟ್ಟಳೆ ಇದೆಯಾ? ಇದ್ದೀತು. ಅವನದೇ ಮಾತ್ರೆ ತಾನೆ. ಆಯ್ತು, ಸಂಜೆ ಮನೆಗೆ ಹೋಗಿ ಕೊಡ್ತೀನಿ."

ಅವಳು ಎದ್ದು ಹೋಗಿ ಚಾಕು ಹಿಡಿದಳು. ಅವನು ಅವಳ ಬೆನ್ನನ್ನು ನೋಡುತ್ತ ನಿಂತ. ಆ ಮಾತ್ರೆಯಿಂದ ಕೀಲುಜ್ವರಕ್ಕೆ ಏನೂ ಆಗುವುದಿಲ್ಲವೆಂದೂ ಮಗುವಿನ ಎದೆಗೆ ಕೇಡಾಗಬಹುದೆಂದೂ ಆ ಮನೆಯಲ್ಲಿ ಗೊತ್ತಿದ್ದವರು ಇಬ್ಬರೇ. ಒಬ್ಬಳು ಒಳಗೆ ಹೆಣದ ತಲೆಯ ಬಳಿ ಕುಳಿತ ಯೋಜೆಫಿನಾ. ಇನ್ನೊಬ್ಬ ಅವನು.

*

ಏಳು ವರ್ಷದ ಹಿಂದಿನ ಕ್ರಿಸ್‌ಮಸ್ಸಿಗೆ ಬಂದಾಗ ಅನತೋಲಿ ತನ್ನ ಹೊಸ ಕೆಲಸದ ಸುದ್ದಿ ತಂದಿದ್ದ. ಮಿಷನ್ ಔಷಧಾಲಯ ಮುಚ್ಚಿ ವರ್ಷವಾಗಿತ್ತು. ಮಾತ್ರೆ ಕೊಡುವುದರಲ್ಲೇ ತಲೆ ನರೆತವನನ್ನು ಯಾರು ಕೆಲಸಕ್ಕೆ ತೆಗೆದುಕೊಳ್ಳುತ್ತಾರೆ ಎಂದು ಎಲ್ಲರೂ ಅಂದುಕೊಂಡಿದ್ದರು. ತೆಗೆದುಕೊಂಡದ್ದು ಕಂಪಾಲಾದ ಒಂದು ಸಂಶೋಧನಾಲಯ. ಡಾಕ್ಟರ್ ನಬುಕೀರ ಎಂಬ ಹೆಣ್ಣುಮಗಳು ಅಲ್ಲಿ ಮೂರು ಕಂಪ್ಯೂಟರ್ ಇಟ್ಟುಕೊಂಡು ಸೊಳ್ಳೆಯ ಜ್ವರಗಳಿಗೆ ಔಷಧ ಹುಡುಕುತ್ತಿದ್ದಳು.

"ಹೊಸದು ಮಾಡೋಕೆ ಹತ್ತು ಹದಿನೈದು ವರ್ಷ ಬೇಕು ಅಣ್ಣ. ಸೊಳ್ಳೆ ಅಷ್ಟು ದಿನ ಕಾಯಲ್ಲ. ಅದಕ್ಕೇ ಬೇರೆ ಕಾಯಿಲೆಗೆ ಅಂತ ಆಗಲೇ ಮಾಡಿಟ್ಟಿರೋ ಔಷಧಗಳಲ್ಲಿ ಯಾವುದಾದರೂ ಇದಕ್ಕೂ ಬರುತ್ತಾ ಅಂತ ನೋಡೋದು."

"ಹೇಗೆ ನೋಡ್ತೀರಿ? ಒಂದೊಂದಾಗಿ ನುಂಗಿಸಿ ನಾಲಿಗೆ ಎತ್ತಿಸ್ತೀಯಾ?"

ಅನತೋಲಿ ನಕ್ಕು ಮನೆಯ ಹಿಂದಕ್ಕೆ ಹೋದ. ಕಾವು ಮುರಿದಿದ್ದ ಗುದ್ದಲಿಯ ಅಲಗನ್ನೂ ಒಂದು ತೋಳು ತುಂಬ ಹಳೆಯ ಕಾವುಗಳನ್ನೂ ತಂದು ಅಂಗಳದಲ್ಲಿ ಸುರಿದ.

"ಈ ಅಲಗು ವೈರಸ್ಸಿನ ಒಂದು ಭಾಗ ಅಂತಿಟ್ಕೋ. ಇದರಲ್ಲಿ ಒಂದು ಕಣ್ಣಿದೆ. ಈ ಕಣ್ಣಿಗೆ ಏನಾದರೂ ಬಿಗಿಯಾಗಿ ಕೂತುಬಿಟ್ಟರೆ ವೈರಸ್ಸಿನ ಕೆಲಸ ನಿಂತು ಹೋಗುತ್ತೆ. ಹೊಸ ಕಾವಿಗೆ ಮರ ನೆಟ್ಟು ಕಾಯೋ ಬದಲು ಮನೆ ಹಿಂದೆ ಬಿದ್ದಿರೋ ಹಳೇ ಕಾವು ನೋಡ್ತೀವಿ. ಕಂಪ್ಯೂಟರು ಒಂದೊಂದರ ಆಕಾರವನ್ನೂ ತಿರುಗಿಸಿ, ವಾಲಿಸಿ, ಈ ಕಣ್ಣಿಗೆ ಕೂರಿಸಿ ನೋಡುತ್ತೆ. ಬರೀ ಲೆಕ್ಕದಲ್ಲಿ. ನೆರಳಿಗೆ ನೆರಳು."

"ಕೂತರೆ ಔಷಧ ಸಿಕ್ಕ ಹಾಗೆ ತಾನೆ?"

"ಎಲ್ಲಿ ಸಿಕ್ತು? ಕೂತದ್ದನ್ನ ಹಿಡಿದು ನೆಲ ಅಗೀಬೇಕು. ಮೊದಲು ಗಾಜಿನ ತಟ್ಟೆಯಲ್ಲಿ, ಆಮೇಲೆ ಇಲಿಗಳಲ್ಲಿ, ಆಮೇಲೆ ಮನುಷ್ಯರಲ್ಲಿ. ನೆರಳಲ್ಲಿ ಚೆನ್ನಾಗಿ ಕೂತದ್ದು ಮೊದಲನೇ ಏಟಿಗೇ ಕಳಚಿಕೊಳ್ಳೋದು ಜಾಸ್ತಿ."

ಹೊರದೇಶದಿಂದ ಬಂದ ಪಟ್ಟಿಯಲ್ಲಿ ಎರಡು ಸಾವಿರ ಔಷಧಗಳಿದ್ದವಂತೆ. ಅದನ್ನು ನೋಡಿ ಅನತೋಲಿ ಡಾಕ್ಟರಿಗೆ ಹೇಳಿದ್ದನಂತೆ: ಇದರಲ್ಲಿ ಅರ್ಧ ನಮ್ಮ ನಾಡಿನ ಯಾವ ಅಂಗಡಿಯಲ್ಲೂ ಇಲ್ಲ, ಅದು ಸಿಕ್ಕರೂ ನಮ್ಮ ಜನಕ್ಕೆ ಸಿಕ್ಕ ಹಾಗಲ್ಲ. ಅಂದಿನಿಂದ ಅವನು ಎರಡು ವರ್ಷ ಊರೂರು ತಿರುಗಿ, ಸಣ್ಣಪುಟ್ಟ ಔಷಧದಂಗಡಿಗಳ ಮುಂದೆ ನಿಂತು, ಹಲಗೆಗಳ ಮೇಲೆ ನಿಜವಾಗಿ ಏನಿದೆಯೋ ಅದನ್ನು ಬರೆದುಕೊಂಡ. ಸಾವಿರದ ನೂರ ನಲವತ್ತಮೂರು ಹೆಸರುಗಳಾದವು. ಯಂತ್ರ ಒಂದೊಂದನ್ನು ತಳ್ಳಿಹಾಕಿದಂತೆ ಅವನು ತನ್ನ ನೋಟುಪುಸ್ತಕದಲ್ಲಿ ಆ ಹೆಸರಿನ ಮೇಲೆ ಅಡಿಪಟ್ಟಿ ಇಟ್ಟು ಗೆರೆ ಎಳೆಯುತ್ತಿದ್ದ. ಕರೆಂಟು ಹೋದರೆ ಬರುವವರೆಗೂ ಯಂತ್ರದ ಪಕ್ಕ ಕುಳಿತಿರುತ್ತಿದ್ದ, ಕಾಯಿಲೆಯವರ ಪಕ್ಕ ಕುಳಿತ ಹಾಗೆ.

ಪ್ರತಿ ಕ್ರಿಸ್‌ಮಸ್ಸಿಗೂ ಗೆರೆವಾಜಿಯೊ ಕೇಳುತ್ತಿದ್ದ: "ಎಷ್ಟು ಉಳಿದವು?"

"ಎಂಟುನೂರು." ಮರುವರ್ಷ, "ಐನೂರ ಹತ್ತು."

"ಬೇಡ ಅಂತ ಗೆರೆ ಎಳೆಯೋದೇ ಒಂದು ಕೆಲಸವೇನಪ್ಪ?"

"ನಾನು ಎಳೆದ ಗೆರೆ ನೋಡಿ ಇನ್ನೊಬ್ಬ ಆ ದಾರಿ ಹಿಡಿಯಲ್ಲ ಅಣ್ಣ. ಅವನಿಗೆ ಒಂದು ವರ್ಷ ಉಳೀತು," ಎಂದಿದ್ದ ಅನತೋಲಿ. ಹಾಗೆಂದು ಗುದ್ದಲಿಯ ಕಾವುಗಳನ್ನು ಎತ್ತಿ ಇಡಲು ಹೋದ. ಆಗಲೇ ಅವನ ನಡಿಗೆಯಲ್ಲಿ ದಣಿವಿತ್ತು.

*

ಮಧ್ಯಾಹ್ನ ಡಾಕ್ಟರ್ ನಬುಕೀರ ಬಂದಳು. ಕಾರನ್ನು ಕೆಳಗಿನ ರಸ್ತೆಯಲ್ಲೇ ಬಿಟ್ಟು ಗುಡ್ಡ ಹತ್ತಿದ್ದಳು. ಗೊಮೆಸಿ ಉಡುಪಿನ ಅಂಚಿಗೆ ಕೆಂಪು ಧೂಳು ಮೆತ್ತಿತ್ತು. ಮೂವತ್ತೈದರ ಹೆಂಗಸು, ಕಣ್ಣಿನ ಕೆಳಗೆ ಐವತ್ತರ ನೆರಳು. ಹೆಣದ ಮುಂದೆ ಬಹಳ ಹೊತ್ತು ಕುಳಿತಿದ್ದು, ಆಮೇಲೆ ಗೆರೆವಾಜಿಯೊನನ್ನು ಹುಡುಕಿಕೊಂಡು ಹಲಸಿನ ಮರದ ಕೆಳಗೆ ಬಂದು ಮಂಡಿಯೂರಿದಳು.

"ನಾವೆಲ್ಲ ಅವರನ್ನ ಮುಜೆಯಿ ಅಂತಿದ್ವಿ, ಹಿರಿಯರು ಅಂತ. ಅವರಿಲ್ಲದ ಕೋಣೆಗೆ ಹೋಗೋಕೆ ಕಾಲು ಬರ್ತಿಲ್ಲ."

"ಒಳ್ಳೇದಾಗಲಿ ಮಗಳೇ. ಅಷ್ಟು ದೂರ ಬಂದೆ."

"ಒಂದು ಮಾತು ಕೇಳ್ತೀನಿ, ತಪ್ಪು ತಿಳೀಬೇಡಿ. ರಸ್ತೆ ಬದಿ ಔಷಧದಂಗಡಿಯವನು ನಾನು ಕಂಪಾಲಾದಿಂದ ಬಂದೋಳು ಅಂತ ಗೊತ್ತಾದ ಕೂಡಲೇ ಕೇಳಿದ, ಎದೆ ಮಾತ್ರೆ ಮತ್ತೆ ಯಾವಾಗ ಬರುತ್ತೆ, ಜನ ಪೀಡಿಸ್ತಿದಾರೆ ಅಂತ. ಈ ಗುಡ್ಡದಲ್ಲಿ ಅಷ್ಟು ಜನಕ್ಕೆ ಎದೆ ಕಾಯಿಲೆ ಇದೆಯಾ?"

ಗೆರೆವಾಜಿಯೊ ನೆಲ ನೋಡಿದ.

"ಮುಜೆಯಿ ಶುಕ್ರವಾರಕ್ಕೆ ರಜೆ ಕೇಳೋವಾಗ, ಊರಲ್ಲಿ ಒಂದು ವಿಷಯ ತಿಳಿಸಿ ಬರಬೇಕು ಅಂದ್ರು. ಏನು ಅಂದೆ. ಹೇಳಲಿಲ್ಲ. ಯಾವತ್ತೂ ನನ್ನ ಮುಖ ನೋಡಿ ಮಾತಾಡೋರು, ಅವತ್ತು ಗೋಡೆ ನೋಡಿದ್ರು. ನಾಚಿಕೆ ಇತ್ತು ಅನ್ಸುತ್ತೆ."

"ನಾಚಬೇಕಾದೋನು ನಾನು," ಎಂದ ಗೆರೆವಾಜಿಯೊ. ಐದು ವಾರಗಳಲ್ಲಿ ಅವನು ಹೇಳಿದ ಮೊದಲ ನಿಜವಾದ ಮಾತು ಅದು.

*

ಕಳೆದ ಮಳೆಗಾಲದಲ್ಲಿ ಮೂರು ಮನೆಗೆ ಒಂದು ಮನೆಯಂತೆ ಕೀಲುಜ್ವರ ಬಿದ್ದಿತ್ತು. ಪಟ್ಟಣದವರು ಅದಕ್ಕೆ ಚಿಕುನ್‌ಗುನ್ಯ ಎನ್ನುತ್ತಿದ್ದರು. ಗಟ್ಟಿಮುಟ್ಟಾದ ಗಂಡಸರು ಗೋಡೆ ಹಿಡಿದು ನಡೆಯುತ್ತಿದ್ದರು. ಹೆಂಗಸರಿಗೆ ಚಾಕು ಹಿಡಿಯಲು ಬೆರಳು ಮಡಚುತ್ತಿರಲಿಲ್ಲ. ಅಂಥ ಒಂದು ಶನಿವಾರ ಅನತೋಲಿ ಫೋನು ಮಾಡಿದ.

"ಅಣ್ಣ, ಒಂದು ಕೂತಿದೆ. ಎಲ್ಲಕ್ಕಿಂತ ಮೇಲೆ ನಿಂತಿದೆ."

ತಮ್ಮನ ದನಿ ಅಷ್ಟು ಎಳೆಯದಾದದ್ದನ್ನು ಗೆರೆವಾಜಿಯೊ ಐವತ್ತು ವರ್ಷದಿಂದ ಕೇಳಿರಲಿಲ್ಲ. "ಯಾವುದು?"

"ಎದೆಬಡಿತ ಜೋರಾದೋರಿಗೆ ಕೊಡೋ ಹಳೇ ಬಿಳಿ ಮಾತ್ರೆ. ನಮ್ಮೂರ ಅಂಗಡೀಲೂ ಇದೆ. ಆದರೆ ಯಾರಿಗೂ ಹೇಳಬೇಡ. ತಟ್ಟೆಯ ಪರೀಕ್ಷೆ ಆಗಿಲ್ಲ. ನಿನಗಾದರೂ ಹೇಳದೆ ಇರೋಕಾಗಲಿಲ್ಲ."

ಮಾರನೆಯ ದಿನ ಭಾನುವಾರ. ಪಾದ್ರಿಗಳು ಬರುವುದು ತಿಂಗಳಿಗೊಮ್ಮೆ. ಉಳಿದ ಭಾನುವಾರಗಳಲ್ಲಿ ಉಪದೇಶಿಯೇ ಪ್ರಾರ್ಥನೆ ನಡೆಸಿ ಕೊನೆಯಲ್ಲಿ ಊರಿನ ಸುದ್ದಿ ಓದಬೇಕು: ಯಾರ ಮದುವೆ ಗೊತ್ತಾಯಿತು, ಯಾರ ಹಸು ತಪ್ಪಿಸಿಕೊಂಡಿತು, ಯಾರ ಪಾಳಿಯಲ್ಲಿ ಗುಡಿಸುವುದು. ಗೆರೆವಾಜಿಯೊ ಸುದ್ದಿ ಓದಿ ತಲೆಯೆತ್ತಿದ. ಮಂಡಿಯೂರಲಾರದೆ ಬೆಂಚುಗಳಿಗೆ ಒರಗಿದ್ದ ಜನರನ್ನು ಕಂಡ. ನಾಲಿಗೆ ತಾನಾಗಿ ಹೊರಳಿತು. ನಮ್ಮ ಅನತೋಲಿಯ ಯಂತ್ರಕ್ಕೆ ದೇವರು ಒಂದು ಮಾತ್ರೆಯನ್ನು ತೋರಿಸಿದ್ದಾನೆ, ಅದು ಫಲಿಸಲೆಂದು ಎಲ್ಲರೂ ಪ್ರಾರ್ಥಿಸಿ, ಎಂದ. ಅವನು ಬೇಡಿದ್ದು ಪ್ರಾರ್ಥನೆಯೊಂದನ್ನೇ. ಬಾಗಿಲ ಬಳಿ ಯಾರೋ, ಯಾವ ಮಾತ್ರೆ ಜಾಜಾ, ಎಂದರು. ಅಜ್ಜ ಎಂದು ಕರೆದವರಿಗೆ ಇಲ್ಲವೆನ್ನಲು ಅವನಿಗೆ ಬರುತ್ತಿರಲಿಲ್ಲ. ಹೇಳಿದ.

ಹೊಸ ಔಷಧವಾಗಿದ್ದರೆ ಊರು ಹೆಸರು ಕೇಳಿ ನಿಟ್ಟುಸಿರು ಬಿಟ್ಟು ಸುಮ್ಮನಾಗುತ್ತಿತ್ತು. ಇದು ಆಗಲೇ ಅಂಗಡಿಯ ಹಲಗೆಯ ಮೇಲಿತ್ತು. ಸೋಮವಾರ ಸಂಜೆಯ ಹೊತ್ತಿಗೆ ಆ ಹಲಗೆ ಬರಿದಾಗಿತ್ತು.

ನುಂಗಿದವರು ವಾರದಲ್ಲಿ ಎದ್ದು ಓಡಾಡಿದರು. ನುಂಗದವರೂ ವಾರದಲ್ಲಿ ಎದ್ದು ಓಡಾಡಿದರು, ಆ ಜ್ವರ ಇರುವುದೇ ಹಾಗೆ. ಆದರೆ ಊರು ಲೆಕ್ಕಕ್ಕೆ ತೆಗೆದುಕೊಂಡದ್ದು ನುಂಗಿದವರನ್ನು ಮಾತ್ರ. ಒಬ್ಬಳು ನೀರಿಗೆ ಹೋದವಳು ಬಾವಿಯ ಬಳಿ ತಲೆಸುತ್ತಿ ಬಿದ್ದಳು. ಔಷಧ ಬಲವಾಗಿದೆ ಎಂದರು.

ಆರು ವಾರದ ಮೇಲೆ ಮತ್ತೆ ಫೋನು ಬಂತು. "ತಟ್ಟೆಯಲ್ಲಿ ಸೋತುಹೋಯ್ತು ಅಣ್ಣ. ವೈರಸ್ಸಿಗೆ ಒಂದು ಚೂರೂ ಆಗಲಿಲ್ಲ. ಗೆರೆ ಎಳೆದುಬಿಟ್ಟೆ."

ಆಗ ಗೆರೆವಾಜಿಯೊ ತಾನು ಮಾಡಿದ್ದನ್ನು ಹೇಳಿದ.

"ಅದು ಎದೆಬಡಿತ ಇಳಿಸೋ ಮಾತ್ರೆ. ಜ್ವರದಲ್ಲಿ ಬಳಲಿದ ಮೈಗೆ, ಅದರಲ್ಲೂ ಮಕ್ಕಳಿಗೆ ಕೊಟ್ಟರೆ ಎದೆ ನಿಂತೇಹೋಗಬಹುದು. ನಿನ್ನ ಮೇಲೆ ಕೋಪ ಇಲ್ಲ ಅಣ್ಣ, ಮೊದಲು ಬಾಯಿ ಬಿಟ್ಟೋನು ನಾನೇ. ಈ ಭಾನುವಾರ ಹೇಳಿಬಿಡು."

"ಹೇಳ್ತೀನಿ," ಎಂದ ಗೆರೆವಾಜಿಯೊ.

ಮೊದಲ ಭಾನುವಾರ ಒಂದು ಮದುವೆಯ ಸಂಭ್ರಮವಿತ್ತು. ಎರಡನೆಯ ಭಾನುವಾರ ಪಾದ್ರಿಗಳು ಬಂದಿದ್ದರು, ಅವರ ಮುಂದೆ ಬೇಡವೆನಿಸಿತು. ಮೂರನೆಯದರಲ್ಲಿ ಮಳೆ ಬಂದು ಜನ ಕಡಿಮೆ. ನಾಲ್ಕನೆಯ ಭಾನುವಾರ ಅವನು ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, ಗುಡಿಸುವ ಪಾಳಿಯನ್ನು ಓದಿದ. ಜ್ವರವೂ ಇಳಿದಿದೆಯಲ್ಲ, ಇನ್ನು ಯಾರು ನುಂಗುತ್ತಾರೆ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡ. ಪ್ರತಿ ಭಾನುವಾರ ಸಂಜೆ ಅನತೋಲಿ ಫೋನು ಮಾಡುತ್ತಿದ್ದ. ಐದನೆಯ ಸಲ ಅವನು ಬೈಯಲಿಲ್ಲ.

"ಶುಕ್ರವಾರ ನಾನೇ ಬರ್ತೀನಿ. ಭಾನುವಾರ ಹೇಳೋದೂ ನಾನೇ. ನೀನು ಪಕ್ಕದಲ್ಲಿ ನಿಂತಿದ್ದರೆ ಸಾಕು."

ಶುಕ್ರವಾರ ಅವನು ಹತ್ತಿದ ಟ್ಯಾಕ್ಸಿ ವ್ಯಾನಿನಲ್ಲಿ ಹದಿನಾಲ್ಕು ಜನರಿದ್ದರು. ಲುಕಾಯ ದಾಟುವಾಗ ಅನತೋಲಿ ಪಕ್ಕದವನ ಭುಜಕ್ಕೆ ಒರಗಿದ. ಪಾಪ, ದಣಿದಿದ್ದಾನೆ, ಮಲಗಲಿ ಎಂದು ಆ ಪುಣ್ಯಾತ್ಮ ಮಸಾಕದವರೆಗೂ ಭುಜ ಕದಲಿಸದೆ ಕುಳಿತಿದ್ದನಂತೆ.

*

"ಇವತ್ತೇ ಹೇಳಬೇಕು," ಎಂದಳು ಎಲ್ಲವನ್ನೂ ಕೇಳಿದ ನಬುಕೀರ. "ನಾನು ಹೇಳಲಾ?"

"ನಿನ್ನ ಮಾತು ಯಾರು ಕೇಳ್ತಾರೆ? ನೀನು ಪರವೂರಿನೋಳು."

ಯೋಜೆಫಿನಾ ಮನೆಯ ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ಕೇಳಿಸಿಕೊಳ್ಳುತ್ತಿದ್ದಳೋ. "ಭಾವ," ಎಂದಳು, "ಅವರು ಊರಿಗೆ ಬರ್ತಿದ್ದದ್ದು ನಿಮ್ಮ ಬಾಯಲ್ಲಿ ಉಳಿದ ಮಾತು ಆಡೋಕೆ. ಅವರ ಬಾಯಿಗೆ ಬಟ್ಟೆ ಸುತ್ತಿ ಆಯ್ತು."

ಬಿಸಿಲು ಇಳಿಮುಖವಾದಾಗ ಹೆಣವನ್ನು ಅಂಗಳಕ್ಕೆ ತಂದರು. ಕುಲದ ಹಿರಿಯರು ವಂಶಾವಳಿ ಹೇಳಿದರು. ಆಮೇಲೆ ಸೆಮಂಡ ಎದ್ದ. ಮಾತಿನಲ್ಲಿ ಅವನು ಪಳಗಿದವನು. ಅನತೋಲಿ ಚಿಕ್ಕಂದಿನಲ್ಲಿ ಎಲ್ಲರ ಕಾಲಿನ ಮುಳ್ಳು ತೆಗೆಯುತ್ತಿದ್ದದ್ದರಿಂದ ಹಿಡಿದು ಕಂಪಾಲಾದ ಯಂತ್ರದವರೆಗೆ ಬಂದ. "ಕೀಲುಜ್ವರ ನಮ್ಮನ್ನ ಬಗ್ಗಿಸಿತ್ತು. ನೆಟ್ಟಗೆ ನಿಲ್ಲಿಸಿದೋನು ಇಲ್ಲಿ ಮಲಗಿದ್ದಾನೆ," ಎಂದ. ಜನ ಹೌದೆಂದು ತಲೆದೂಗಿದರು. ಆಚೆ ಗುಡ್ಡದವನೊಬ್ಬ ಪಕ್ಕದವನನ್ನು ಮಾತ್ರೆಯ ಹೆಸರು ಕೇಳುತ್ತಿದ್ದುದು ಗೆರೆವಾಜಿಯೊನ ಕಣ್ಣಿಗೆ ಬಿತ್ತು.

ಅವನು ಎದ್ದು ನಿಂತ. ಬಿಳಿಯ ನಿಲುವಂಗಿಯನ್ನು ನೆಟ್ಟಗೆ ಎಳೆದುಕೊಂಡ. ಶಿಲುಬೆಯ ಗುರುತು ಮಾಡಿಕೊಂಡ.

"ನನ್ನ ತಮ್ಮ ಯಾವ ಔಷಧವನ್ನೂ ಕಂಡುಹಿಡೀಲಿಲ್ಲ," ಎಂದ.

ಮಗುವೊಂದು ಅತ್ತಿತು, ತಾಯಿ ಅದರ ಬಾಯಿ ಮುಚ್ಚಿದಳು.

"ಏಳು ವರ್ಷ ಅವನು ಮಾಡಿದ್ದು, ಇದು ಆಗಲ್ಲ, ಇದು ಆಗಲ್ಲ ಅಂತ ಗೆರೆ ಎಳೆಯೋ ಕೆಲಸ. ಬಿಳಿ ಮಾತ್ರೆಗೂ ಅವನೇ ಗೆರೆ ಎಳೆದ. ಎಳೆದ ದಿನವೇ ನನಗೆ ತಿಳಿಸಿದ. ನಾನು ಐದು ಭಾನುವಾರ ಆ ಮಾತು ನುಂಗಿಕೊಂಡು ನಿಮ್ಮ ಮುಂದೆ ನಿಂತೆ. ಹೇಳಿದ ಮಾತು ತಪ್ಪಾಯ್ತು ಅನ್ನೋಕೆ ನನಗೆ ಮುಖ ಇರಲಿಲ್ಲ. ಅದಕ್ಕೇ ಅವನು ಹೊರಟ, ದಾರೀಲಿ ಸತ್ತ. ನಿಮ್ಮ ಮನೇಲಿರೋ ಮಾತ್ರೆ ಈ ಜ್ವರಕ್ಕೆ ಬರಲ್ಲ. ಮಗುವಿಗೆ ಕೊಟ್ಟರೆ ಜೀವ ಹೋಗಬಹುದು. ದಯವಿಟ್ಟು ತಂದು ನನ್ನ ಕೈಗೆ ಕೊಡಿ."

"ನಾನು ನುಂಗಿದೆ ಸೆಬೊ, ನಾಲ್ಕನೇ ದಿನ ಎದ್ದೆ," ಎಂದ ಹಿಂದಿನಿಂದ ಒಬ್ಬ ದಪ್ಪ ಮನುಷ್ಯ.

"ನಿನ್ನ ಹೆಂಡತಿ ನುಂಗಲಿಲ್ಲ," ಎಂದ ಗೆರೆವಾಜಿಯೊ. "ಅವಳು ಎಷ್ಟನೇ ದಿನ ಎದ್ದಳು?"

"ಮೂರನೇ ದಿನ. ಇವರಿಗೆ ಗಂಜಿ ಕಾಯಿಸೋರು ಯಾರು ಮತ್ತೆ," ಎಂದಳು ಆ ಹೆಂಡತಿ. ಯಾರೋ ನಗಲು ಹೋಗಿ ಕೆಮ್ಮಿದರು.

ಸೆಮಂಡ ಹತ್ತಿರ ಬಂದು ಅವನ ತೋಳು ಹಿಡಿದ. "ಹೆಣದ ಎದುರಿಗೇ ಮನೆಯವನ ಹೆಸರು ಕೆಡಿಸ್ತೀರಲ್ಲ ಉಪದೇಶಿಗಳೇ. ಕೂತ್ಕೊಳ್ಳಿ." ಜನರ ಕಡೆ ತಿರುಗಿ, "ಒಡಹುಟ್ಟಿದೋನ ದುಃಖ. ಮನಸ್ಸಿಗೆ ಬಂದದ್ದು ಆಡ್ತಿದಾರೆ," ಎಂದ.

ನಬುಕೀರ ಎದ್ದು, ಅವರು ಹೇಳಿದ್ದು ನಿಜ, ಎಂದಳು. ಜನ ಅವಳನ್ನು ನೋಡಿದರು, ಅವಳ ಬೂಟುಗಳನ್ನು ನೋಡಿದರು. ಅಷ್ಟರಲ್ಲಿ ಹೊರುವವರು ಹೆಣವನ್ನೆತ್ತಿದರು. ಬಾಳೆತೋಟದ ನಡುವಿನ ಕುಲದ ಸಮಾಧಿಗಳ ಪಕ್ಕ ತೋಡಿದ ಗುಂಡಿಗೆ ಅನತೋಲಿಯನ್ನು ಇಳಿಸಿದರು. ಗೆರೆವಾಜಿಯೊ ಪ್ರಾರ್ಥನೆ ಓದಿದ, ಯಾವ ಸಾಲೂ ತಪ್ಪಲಿಲ್ಲ. ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿದರು. ಅವನ ಕೈಗೆ ಮಾತ್ರೆ ತಂದುಕೊಟ್ಟವರು ಒಬ್ಬರೂ ಇರಲಿಲ್ಲ.

ಮಣ್ಣು ಹಾಕಿದ ನಲೊಂಗೊ ಕೈ ಕೊಡವಿಕೊಂಡು ಗುಡ್ಡದ ದಾರಿ ಹಿಡಿದಳು.

*

"ನಲೊಂಗೊ, ನಿಲ್ಲು."

ಅವಳು ನಿಲ್ಲಲಿಲ್ಲ. ವಯಸ್ಸಿನಲ್ಲಿ ಅವಳೇ ಒಂದೆರಡು ವರ್ಷ ದೊಡ್ಡವಳು, ಆದರೆ ದಿನವೂ ಹತ್ತುವ ದಾರಿ ಅವಳದು. ಗೆರೆವಾಜಿಯೊ ನಿಲುವಂಗಿಯನ್ನು ಎತ್ತಿ ಹಿಡಿದು ಹಿಂದೆ ಹತ್ತಿದ. ನಬುಕೀರ ತಾನೂ ಬರುತ್ತೇನೆಂದಿದ್ದಳು. ನಿನ್ನನ್ನು ಕಂಡರೆ ಅವಳು ಬಾಗಿಲು ಹಾಕಿಕೊಳ್ಳುತ್ತಾಳೆ, ಕಾರಿನ ಹತ್ತಿರ ಕಾದಿರು, ಎಂದು ಅವನೇ ತಡೆದಿದ್ದ.

"ಕಾರು ಕೆಳಗೆ ನಿಂತಿದೆ. ಮಗೂನ ಆಸ್ಪತ್ರೆಗೆ ಕರೆದುಕೊಂಡು ಹೋಗೋಣ."

"ನಿಮಗೆ ಕಷ್ಟ ಬಂದಿದೆ ಉಪದೇಶಿಗಳೇ. ಮನೆಗೆ ಹೋಗಿ ಮಲಗಿ."

"ಸೆಮಂಡ ಹೇಳಿದ್ದು ಸುಳ್ಳು. ನನ್ನ ಬುದ್ಧಿ ಸರಿಯಾಗೇ ಇದೆ."

"ನಲವತ್ತು ವರ್ಷ ನೀವು ಹೇಳಿದ್ದನ್ನ ನಂಬಿದೀನಿ. ಒಂದು ದಿನ ದುಃಖದಲ್ಲಿ ಹೇಳಿದ್ದಕ್ಕೆ ಅದನ್ನೆಲ್ಲ ಬಿಡಲಾ?"

ಅವನು ಏದುಸಿರು ಬಿಡುತ್ತ ಹತ್ತುತ್ತಲೇ ಇದ್ದ.

ಮನೆಯ ಮುಂದೆ ಪಕ್ಕದ ಮನೆಯವಳು ಕಾಯುತ್ತಿದ್ದಳು. ಮೈ ಸುಡ್ತಾನೇ ಇದೆ ಅಮ್ಮಾ, ಎಂದು ಹೇಳಿ ತನ್ನ ಮನೆಗೆ ಓಡಿದಳು. ಒಳಗಿನ ಕತ್ತಲಿನಿಂದ ಮಗುವಿನ ನರಳಾಟ ಕೇಳಿಸಿತು. ನಲೊಂಗೊ ನೀರು ತರಲು ಮನೆಯ ಹಿಂದಿನ ಮಡಕೆಗೆ ಹೋದಳು. ಹೋಗುತ್ತಲೇ ಸೊಂಟದ ಗಂಟನ್ನು ಬಿಚ್ಚುತ್ತಿದ್ದಳು.

ಗೆರೆವಾಜಿಯೊ ಸುತ್ತ ನೋಡಿದ. ಹೇಳುವುದೆಲ್ಲ ಹೇಳಿಯಾಗಿತ್ತು. ಅವನು ಹೊಸ್ತಿಲಿನ ಮೇಲೆ ಕುಳಿತ. ಬೆನ್ನನ್ನು ಒಂದು ಕಡೆಯ ಚೌಕಟ್ಟಿಗೆ ಒರಗಿಸಿ, ಎರಡೂ ಕಾಲುಗಳನ್ನು ಇನ್ನೊಂದು ಕಡೆಯ ಚೌಕಟ್ಟು ಮುಟ್ಟುವಂತೆ ಬಾಗಿಲಿಗಡ್ಡ ಚಾಚಿದ. ಮಂಡಿಗಳು ಲಟಕ್ಕೆಂದವು.

ಒಂದು ಕೈಯಲ್ಲಿ ನೀರಿನ ಲೋಟ, ಇನ್ನೊಂದರಲ್ಲಿ ಮಾತ್ರೆಯ ಪಟ್ಟಿ ಹಿಡಿದು ಬಂದ ನಲೊಂಗೊ ಬಾಗಿಲ ಮುಂದೆ ನಿಂತುಬಿಟ್ಟಳು. ಕುಳಿತ ಗಂಡಸಿನ ಕಾಲನ್ನು ದಾಟುವ ಹೆಂಗಸು ಆ ನಾಡಿನಲ್ಲಿಲ್ಲ. ಉಪದೇಶಿಯ ಕಾಲನ್ನಂತೂ ಕನಸಿನಲ್ಲೂ ದಾಟುವವರಿಲ್ಲ.

"ಕಾಲು ತೆಗೀರಿ."

"ಇಲ್ಲ."

"ಮಗು ನರಳ್ತಿದೆ."

"ಬರೀ ನೀರು ತಾ, ಕಾಲು ತೆಗೀತೀನಿ. ಇಲ್ಲ ಕಾರಿಗೆ ಕರೆದುಕೊಂಡು ಬರ್ತೀನಿ ಅನ್ನು, ನಾನೇ ಹೊತ್ಕೊಂಡು ಇಳೀತೀನಿ. ಆ ಪಟ್ಟಿ ಹಿಡಿದು ಒಳಗೆ ಹೋಗಬೇಕಾದರೆ ನನ್ನನ್ನ ದಾಟು."

"ಎಷ್ಟು ಹೊತ್ತು ಹೀಗೇ ಕೂತಿರ್ತೀರಿ?"

"ಗೊತ್ತಿಲ್ಲ."

"ನನ್ನೊಬ್ಬಳ ಮನೇಲಾ ಮಾತ್ರೆ ಇರೋದು? ಊರೆಲ್ಲ ಇದೆ. ಎಷ್ಟು ಬಾಗಿಲಿಗೆ ಕಾಲು ಚಾಚ್ತೀರಿ?"

ಅವನು ಕೆಳಗೆ ನೋಡಿದ. ಆ ಹೊಸ್ತಿಲಿನಿಂದ ಇಡೀ ಗುಡ್ಡ ಕಾಣುತ್ತಿತ್ತು. ಹೆಣ ಮಣ್ಣಾದ ಮೇಲೆ ಮನೆಗೆ ಮರಳಿದವರು ಒಲೆ ಹೊತ್ತಿಸುತ್ತಿದ್ದರು. ಬಾಳೆತೋಟಗಳ ನಡುವೆ ಒಂದೊಂದೇ ಹೊಗೆ ಏಳುತ್ತಿತ್ತು. ಗೆರೆವಾಜಿಯೊ ಎಣಿಸತೊಡಗಿದ. ಹದಿನೇಳರ ಹೊತ್ತಿಗೆ ಎರಡು ಹೊಗೆ ಕೂಡಿಕೊಂಡು ಲೆಕ್ಕ ತಪ್ಪಿತು. ಮತ್ತೆ ಮೊದಲಿನಿಂದ ಹಿಡಿದ.

ನಲೊಂಗೊ ಸ್ವಲ್ಪ ಹೊತ್ತು ನಿಂತೇ ಇದ್ದಳು. ಆಮೇಲೆ ಅವಳ ಕಾಲೂ ಸೋತಿತು. ಲೋಟವನ್ನು ನೆಲದ ಮೇಲಿಟ್ಟು ಅವನ ಎದುರಿಗೆ ಅಂಗಳದಲ್ಲಿ ಕುಳಿತಳು. ಪಟ್ಟಿಯನ್ನು ಮಡಿಲಲ್ಲಿಟ್ಟು ಅಂಗೈಯಲ್ಲಿ ಮುಚ್ಚಿಕೊಂಡಳು. ಇಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡಲಿಲ್ಲ. ಒಳಗಿನಿಂದ ಮಗು ಅಜ್ಜಿಯನ್ನು ಕರೆಯಿತು.

ಗೂಡಿಗೆ ಹೊರಟಿದ್ದ ಒಂದು ಕಂದು ಕೋಳಿ ದಾರಿಯಲ್ಲಿ ನಿಂತು ಕತ್ತು ಓರೆಮಾಡಿ ನೋಡಿತು. ಹತ್ತಿರ ಬಂದು ಲೋಟದೊಳಕ್ಕೆ ಕೊಕ್ಕಿಳಿಸಿ ನೀರು ಕುಡಿಯಿತು, ತಲೆಯೆತ್ತಿ ನುಂಗಿತು, ಮತ್ತೆ ಕುಡಿಯಿತು. ಇಬ್ಬರೂ ಅದನ್ನು ಓಡಿಸಲಿಲ್ಲ.